ಬೆರಳ ತುದಿಯ ಅಂಕಿಯನ್ನು ಎಷ್ಟು ನಂಬಬಹುದು

2021ರ ಏಪ್ರಿಲ್-ಮೇ ತಿಂಗಳಲ್ಲಿ ಮೈಸೂರಿನ ಮೆಡಿಕಲ್ ಸ್ಟೋರ್‌ಗಳಲ್ಲಿ ಜನ ಮಾತ್ರೆಗಿಂತ ಮೊದಲು ಕೇಳುತ್ತಿದ್ದದ್ದು ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟವನ್ನು (‘ಸ್ಯಾಚುರೇಷನ್’) ಶೇಕಡಾ ಲೆಕ್ಕದಲ್ಲಿ ತೋರಿಸುವ ಪುಟ್ಟ ಯಂತ್ರ. ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ತೀರಿಕೊಂಡ ಸುದ್ದಿ ಮೇ ಮೊದಲ ವಾರ ಬಂದ ಮೇಲಂತೂ, ‘ಸ್ಯಾಚುರೇಷನ್ ಎಷ್ಟಿದೆ?’ ಎಂಬುದು ಮಂಡ್ಯದ ಹಳ್ಳಿಗಳಲ್ಲೂ ಕುಶಲ ವಿಚಾರಿಸುವ ಮಾತಾಯಿತು. ಆಶಾ ಕಾರ್ಯಕರ್ತೆಯರು ಆಕ್ಸಿಮೀಟರ್ ಹಿಡಿದು ಮನೆಮನೆ ಸುತ್ತಿದರು. ಆ ಜುಲೈನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಇದರ ಮಾರಾಟದ ಲಾಭಾಂಶಕ್ಕೆ ಶೇ 70ರ ಮಿತಿ ಹಾಕಿತು. ಕೋವಿಡ್ ಇಳಿದರೂ ಯಂತ್ರ ಮನೆಯಲ್ಲೇ ಉಳಿಯಿತು. ಈಗ ಅಜ್ಜನ ಉಬ್ಬಸಕ್ಕೂ ಮಗುವಿನ ಕಫಕ್ಕೂ ಬೀರುವಿನಿಂದ ಹೊರಬರುವುದು ಅದೇ. ಆದರೆ ಯಂತ್ರದ ಜೊತೆ ಬರಬೇಕಿದ್ದ ತಿಳಿವಳಿಕೆ ಮನೆ ತಲುಪಲಿಲ್ಲ. ನನ್ನ ಆತಂಕ ಇರುವುದು ಅಲ್ಲಿ.

ರಕ್ತದ ಬಣ್ಣ ನೋಡಿ ಆಮ್ಲಜನಕ ಅಳೆಯುವ ಆಸೆ ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿಗೆ ಗ್ಲೆನ್ ಮಿಲಿಕನ್ ಎತ್ತರದಲ್ಲಿ ಹಾರುವ ಪೈಲಟ್‌ಗಳಿಗಾಗಿ ಕಿವಿಗೆ ಸಿಕ್ಕಿಸುವ ಸಾಧನ ಮಾಡಿದ್ದರು. ತೊಡಕೆಂದರೆ ಚರ್ಮ, ಮಾಂಸ ಎಲ್ಲವೂ ಬೆಳಕನ್ನು ಹೀರುತ್ತವೆ. ಅದರಲ್ಲಿ ರಕ್ತದ ಪಾಲೆಷ್ಟು ಎಂದು ಬಿಡಿಸುವುದು ಹೇಗೆ? ದಾರಿ ಸಿಕ್ಕಿದ್ದು ಜಪಾನಿನ ನಿಹಾನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ಟಕುವೊ ಅವೊಯಾಗಿಗೆ. ಅವರು ಹುಡುಕುತ್ತಿದ್ದದ್ದು ಬೇರೆಯದನ್ನೇ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತದೆಂದು ಅಳೆಯಲು ಹೊರಟಿದ್ದರು. ನಾಡಿಯ ಮಿಡಿತ ಪ್ರತಿ ಸಲ ಗ್ರಾಫನ್ನು ಕೆಡಿಸುತ್ತಿತ್ತು. ಅದನ್ನು ಅಳಿಸಲು ಹೆಣಗುತ್ತಲೇ, ಮಿಡಿತದೊಂದಿಗೆ ಏರಿಳಿಯುವುದು ಅಪಧಮನಿಯ ರಕ್ತ, ಮಿಕ್ಕದ್ದೆಲ್ಲ ಇದ್ದಲ್ಲೇ ಇರುತ್ತದೆ ಎಂಬ ಸುಳಿವು ಅವರ ಕೈಗೆ ಬಂತು. ಕೆಂಪು ಮತ್ತು ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನಲ್ಲಿ ಆ ಏರಿಳಿತವನ್ನು ಹೋಲಿಸಿದರೆ ಆಮ್ಲಜನಕದ ಮಟ್ಟ ಸಿಗುತ್ತದೆ. 1974ರಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು. 1980ರ ದಶಕದಲ್ಲಿ ಯಂತ್ರ ಆಪರೇಷನ್ ಥಿಯೇಟರ್ ಸೇರಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಗೆ ಸೇರಿಸಿತು. ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತಿನ ಜನ ಅವರ ಯಂತ್ರಕ್ಕಾಗಿ ಹುಡುಕಾಡುತ್ತಿದ್ದ ಹೊತ್ತಿನಲ್ಲಿ.

ಬೆಳಕಿನ ಆ ಹೋಲಿಕೆಯನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಲು ಯಂತ್ರದೊಳಗೆ ಒಂದು ಪಟ್ಟಿ ಇರುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಉಸಿರಾಡಿಸಿ, ರಕ್ತ ತೆಗೆದು ಪರೀಕ್ಷಿಸಿ, ತಾಳೆ ನೋಡಿ ಮಾಡಿದ ಪಟ್ಟಿ ಅದು. ಯಾರನ್ನೂ 70ಕ್ಕಿಂತ ಕೆಳಗೆ ಇಳಿಸುವುದಿಲ್ಲವಾದ್ದರಿಂದ ಅದರ ಕೆಳಗಿನ ಅಂಕಿಗಳು ಬರೀ ಅಂದಾಜು. ಮೇಲಿನವೂ ಕರಾರುವಾಕ್ಕಲ್ಲ: ಪರದೆ 90 ಎಂದರೆ ನಿಜದಲ್ಲಿ 86ರಿಂದ 94ರ ನಡುವೆ ಎಲ್ಲಾದರೂ ಇರಬಹುದು ಎಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಹೇಳುತ್ತದೆ.

ಇನ್ನು ಮೈಬಣ್ಣ. ಪರೀಕ್ಷೆಗೆ ಒಳಗಾದವರಲ್ಲಿ ಬಹುಪಾಲು ಬಿಳಿಯರು. ಕಪ್ಪು ಚರ್ಮದಲ್ಲಿ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುತ್ತದೆಂದು 1990ರಲ್ಲೇ ವರದಿಯಾಗಿತ್ತು. ಯಾರೂ ಗಟ್ಟಿಯಾಗಿ ಕಿವಿಗೊಡಲಿಲ್ಲ. 2020ರ ಡಿಸೆಂಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಆಸ್ಪತ್ರೆಯ ದಾಖಲೆ ತೆಗೆದು ನೋಡಿದರು. ಯಂತ್ರ 92ರಿಂದ 96 ಎಂದು ಸಮಾಧಾನ ಹೇಳುತ್ತಿದ್ದಾಗಲೇ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಮಾಣ ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಎಫ್‌ಡಿಎ 2021ರಲ್ಲಿ ಎಚ್ಚರಿಸಿತು. ಬಗೆಬಗೆಯ ಮೈಬಣ್ಣದವರ ಮೇಲೆ ಪರೀಕ್ಷಿಸಿ ಎಂಬ ಅದರ ಕರಡು ಮಾರ್ಗಸೂಚಿ ಬಂದದ್ದು 2025ರ ಜನವರಿಯಲ್ಲಿ. ಬಿಸಿಲಲ್ಲಿ ಕಬ್ಬು ಕಡಿಯುವ ಮಂಡ್ಯದ ಕೈಗಳಿಗೆ ಇದು ದೂರದ ಸಂಗತಿಯಲ್ಲ. ಯಾವ ಬಣ್ಣದ ಬೆರಳ ಮೇಲೆ ಪರೀಕ್ಷಿಸಿದ್ದು ಎಂದು ಡಬ್ಬಿಯ ಮೇಲೆ ಬರೆಯುವಂತೆ ನಾವೂ ಕೇಳಬೇಕು.

ಯಂತ್ರಕ್ಕೆ ಕಾಣದ ಅಪಾಯಗಳೂ ಇವೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿದಾಗ, ಚಳಿಗೆಂದು ಕೋಣೆ ಮುಚ್ಚಿ ಕೆಂಡ ಇಟ್ಟುಕೊಂಡಾಗ, ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಯಂತ್ರ ಆಮ್ಲಜನಕವೆಂದೇ ಓದುತ್ತದೆ. ಪ್ರಜ್ಞೆ ತಪ್ಪುತ್ತಿರುವವರ ಬೆರಳಲ್ಲೂ 98 ಬರಬಹುದು. ಅವರನ್ನು ಮೊದಲು ಹೊರಗೆಳೆದು ಆಸ್ಪತ್ರೆಗೆ ಒಯ್ಯಬೇಕು. ರಕ್ತಹೀನತೆಯಲ್ಲೂ ಹೀಗೆಯೇ: ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆ, ಆದರೆ ಇದ್ದಷ್ಟರಲ್ಲಿ ಆಮ್ಲಜನಕ ತುಂಬಿದ್ದರೆ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಏದುಸಿರು ಬಿಡುವ ಬಸುರಿಗೆ ‘98 ಇದೆ, ಏನೂ ಇಲ್ಲ’ ಎನ್ನುವುದು ಇದಕ್ಕೇ ತಪ್ಪು.

ನೋಡುವ ಕ್ರಮ ಸುಲಭ. ಐದು ನಿಮಿಷ ಸುಮ್ಮನೆ ಕೂತು, ತಣ್ಣಗಿದ್ದ ಕೈ ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ, ಮೆಹಂದಿ ಇಲ್ಲದ ಬೆರಳಿಗೆ ಹಾಕಿ. ಬಿಸಿಲು ಬೀಳದಂತೆ, ಕೈ ಅಲ್ಲಾಡದಂತೆ ಒಂದು ನಿಮಿಷ ಇಟ್ಟು, ನಿಂತ ಅಂಕಿಯನ್ನು ಗಂಟೆಯ ಸಮೇತ ಬರೆದಿಡಿ. ಯಂತ್ರ ತೋರಿಸುವ ನಾಡಿ ಮಣಿಕಟ್ಟಿನಲ್ಲಿ ಎಣಿಸಿದ್ದಕ್ಕೆ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ. ದೊಡ್ಡವರ ಕ್ಲಿಪ್ಪು ಕೂಸಿನ ಬೆರಳಿಗೆ ಹೊಂದುವುದಿಲ್ಲ. ಫೋನಿನ ಆ್ಯಪ್ ನಂಬಿ ಕೂರಬೇಡಿ.

ಒಂದೇ ಅಂಕಿಗಿಂತ ಇಳಿಯುತ್ತಿರುವ ಸಾಲು ಹೆಚ್ಚು ಹೇಳುತ್ತದೆ. ನಿನ್ನೆ 98 ಇದ್ದವರು ಇವತ್ತು 94ಕ್ಕೆ ಬಂದಿದ್ದರೆ ವೈದ್ಯರಿಗೆ ತಿಳಿಸಿ. 90 ತಲುಪಿದರೆ ತಡಮಾಡಬಾರದು. ಹಳೆಯ ಶ್ವಾಸಕೋಶದ ಕಾಯಿಲೆ ಇರುವ ಕೆಲವರಿಗೆ ಮಾತ್ರ ವೈದ್ಯರು ಇದಕ್ಕಿಂತ ಕಡಿಮೆ ಗುರಿ ಹೇಳಿರುತ್ತಾರೆ. ಮಾತಾಡಲು ಉಸಿರು ಸಾಲದಿದ್ದರೆ, ತುಟಿ-ನಾಲಿಗೆ ನೀಲಿಗಟ್ಟಿದರೆ, ಎದೆ ಬಿಗಿದರೆ, ಮಂಕು ಕವಿದರೆ, ಪರದೆಯಲ್ಲಿ ಏನೇ ಇರಲಿ, 108ಕ್ಕೆ ಕರೆ ಮಾಡಿ.