ನನ್ನ ಪಾಠ ಎಲ್ಲಿ ಹೋಯಿತು?

ಭಾಷೆ ಕಲಿಸುವ ಆ್ಯಪ್‌ಗಳ ವಿನ್ಯಾಸ ಬದಲಾದಾಗ ಬಳಕೆದಾರರು ಏನು ಹೇಳುತ್ತಾರೆ ಎಂಬುದನ್ನು ಓದಿ, ವಿಂಗಡಿಸಿ, ಸಾಧ್ಯವಾದಾಗ ಅವರ ಪಕ್ಕದಲ್ಲೇ ಕುಳಿತು ನೋಡಿ ವರದಿ ಕೊಡುವುದು ನನ್ನ ಕೆಲಸ. ಬಳಕೆದಾರರು ಬೈಯುತ್ತಾರೆ, ಒಂದೇ ನಕ್ಷತ್ರ ಕೊಟ್ಟು ಹೋಗುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಾಗುವುದು ವರದಿ ಓದಿ ಮುಗಿಸಿದ ಮೇಲೆ ಮೇಜಿನ ಆಚೆ ಬದಿಯಿಂದ ಬರುವ ಮಾತಿಗೆ: "ಜನರಿಗೆ ಬದಲಾವಣೆ ಹಿಡಿಸುವುದಿಲ್ಲ. ಎರಡು ವಾರ ಕಳೆಯಲಿ, ರೂಢಿಯಾಗುತ್ತದೆ ಬಿಡಿ."

ಹೀಗೆನ್ನುವವರು ಸಾಮಾನ್ಯವಾಗಿ ಫೇಸ್‌ಬುಕ್ಕಿನ ಉದಾಹರಣೆ ಕೊಡುತ್ತಾರೆ. 2006ರಲ್ಲಿ ಗೆಳೆಯರ ಸುದ್ದಿಯೆಲ್ಲ ಒಂದೇ ಕಡೆ ಕಾಣುವ ನ್ಯೂಸ್ ಫೀಡ್ ಬಂದಾಗ ಲಕ್ಷಾಂತರ ಜನ ಪ್ರತಿಭಟಿಸಿದರು, ಆಮೇಲೆ ಅದನ್ನೇ ದಿನವಿಡೀ ನೋಡತೊಡಗಿದರು. ನಿಜ. ಆದರೆ 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ ತೆಗೆದುಹಾಕಿದ್ದನ್ನೂ, ಮರುವರ್ಷವೇ 8.1ರಲ್ಲಿ ಆ ಬಟನ್ ಮೂಲೆಗೆ ಮರಳಿದ್ದನ್ನೂ ಆ ಸಭೆಗಳಲ್ಲಿ ಯಾರೂ ನೆನೆಯುವುದಿಲ್ಲ. ಎರಡೂ ಸಲ ಮೊದಲ ವಾರದ ಗಲಾಟೆ ಕೇಳಲು ಒಂದೇ ತರಹ ಇತ್ತು.

ನಾನು ಮತ್ತೆ ಮತ್ತೆ ಹೇಳಿ ಸೋತಿರುವ ವಿಷಯ ಇಷ್ಟೇ. ದಿನವೂ ಕನ್ನಡಕ ಇಡುವ ಜಾಗವನ್ನು ಮನೆಯವರು ಬದಲಿಸಿದರೆ ನಾಲ್ಕು ದಿನ ನಿಮ್ಮ ಕೈ ಹಳೆಯ ಕಡೆಗೇ ಹೋಗುತ್ತದೆ, ಸಿಡಿಮಿಡಿಯಾಗುತ್ತದೆ, ಐದನೆಯ ದಿನ ಸರಿಹೋಗುತ್ತದೆ. ಕನ್ನಡಕವನ್ನೇ ಯಾರೋ ಎತ್ತಿಕೊಂಡು ಹೋದರೂ ಮೊದಲ ದಿನ ನಿಮ್ಮ ಬಾಯಿಂದ ಬರುವ ಮಾತು ಅದೇ: "ಇಲ್ಲೇ ಇತ್ತಲ್ಲ!" ಒಂದು ತಿಂಗಳಾದ ಮೇಲೆ ನೀವು ಸುಮ್ಮನಾಗಿರಬಹುದು, ಕಣ್ಣು ಕಿರಿದಾಗಿಸಿ ಓದುವುದು ಅಭ್ಯಾಸವಾಗಿರಬಹುದು. ಅದನ್ನು ಒಪ್ಪಿಗೆ ಎಂದು ಬರೆದುಕೊಂಡರೆ ತಪ್ಪಾಗುತ್ತದೆ. ಆ್ಯಪ್ ಬದಲಾದಾಗಲೂ ಹೀಗೆಯೇ. ಬಟನ್ ಬೇರೆ ಕಡೆ ಹೋಗಿದೆಯೋ, ಆ ಬಟನ್ನಿನಿಂದ ಆಗುತ್ತಿದ್ದ ಕೆಲಸವೇ ಇಲ್ಲವಾಗಿದೆಯೋ ಎಂಬುದು "ಹಳೆಯದನ್ನೇ ವಾಪಸ್ ಕೊಡಿ" ಎಂಬ ದೂರಿನ ಅಕ್ಷರಗಳಲ್ಲಿ ಕಾಣುವುದಿಲ್ಲ. ಮೊದಲನೆಯದಕ್ಕೆ ಕಾಲವೇ ಮದ್ದು. ಎರಡನೆಯದಕ್ಕೆ ಎಷ್ಟು ವಾರ ಕಾದರೂ ಪ್ರಯೋಜನವಿಲ್ಲ.

ಭಾಷೆ ಕಲಿಸುವ ಆ್ಯಪ್‌ನಲ್ಲಿ ಈ ಎರಡನೆಯ ಬಗೆಯ ನಷ್ಟ ಸುಲಭವಾಗಿ ಆಗಿಬಿಡುತ್ತದೆ. ಕಾರಣ ಮರೆವು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟ ಜರ್ಮನ್ ಮನಃಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ, ಕಲಿತದ್ದು ಮೊದಮೊದಲು ಬೇಗ ಸೋರಿಹೋಗುತ್ತದೆ. ಹಾಗಾಗಿ ಭಾಷೆ ಕಲಿಯುವವರ ಅರ್ಧ ಶ್ರಮ ಹಳೆಯದಕ್ಕೆ ಮರಳುವುದರಲ್ಲೇ ಕಳೆಯುತ್ತದೆ. 1972ರಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೆ ಒಂದು ಪೆಟ್ಟಿಗೆಯ ಉಪಾಯ ಹೇಳಿದರು. ಪೆಟ್ಟಿಗೆಯಲ್ಲಿ ಕೆಲವು ಖಾನೆಗಳು, ಅವುಗಳಲ್ಲಿ ಕಲಿಯಬೇಕಾದ್ದನ್ನು ಬರೆದ ಚೀಟಿಗಳು. ನೆನಪಿದ್ದ ಚೀಟಿ ಮುಂದಿನ ಖಾನೆಗೆ, ಮರೆತದ್ದು ಮತ್ತೆ ಮೊದಲನೆಯದಕ್ಕೆ. ಕೊನೆಕೊನೆಯ ಖಾನೆಗಳನ್ನು ತೆರೆಯುವುದು ಅಪರೂಪಕ್ಕೆ. ಈ ಲೆಕ್ಕವನ್ನು ಈಗ ಕಂಪ್ಯೂಟರ್ ಹೆಚ್ಚು ಚೆನ್ನಾಗಿ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಪೆಟ್ಟಿಗೆ ತೆರೆದರೆ ಮೊದಲ ಖಾನೆ ಉಬ್ಬಿರುವುದು ಕಣ್ಣಿಗೆ ಕಾಣುತ್ತಿತ್ತು. ನನಗೆ ಎಲ್ಲಿ ತೊಡಕು ಎಂಬುದು ನನಗೇ ಗೊತ್ತಾಗುತ್ತಿತ್ತು.

ಡುವೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್ 2022ರಲ್ಲಿ ಪಾಠಗಳನ್ನು ಜೋಡಿಸಿದ್ದ ತನ್ನ "ಮರ"ವನ್ನು ತೆಗೆದು "ದಾರಿ" ತಂದಾಗ ಎದ್ದ ಕೂಗನ್ನು ನಾನು ಹೀಗೆಯೇ ಓದುತ್ತೇನೆ. ಮರದಲ್ಲಿ ಒಂದೊಂದು ಸಾಲಿಗೆ ಎರಡು ಮೂರು ಪಾಠಗಳಿದ್ದವು, ಯಾವುದನ್ನು ಮೊದಲು ಮುಟ್ಟಬೇಕೆಂಬುದು ಕಲಿಯುವವರ ಇಷ್ಟ. ಬಹುದಿನ ಮುಟ್ಟದೆ ಬಿಟ್ಟ ಪಾಠದ ಚಿಹ್ನೆ ಬಿರುಕು ಬಿಟ್ಟಂತೆ ಕಾಣಿಸುತ್ತಿತ್ತು. ದಾರಿಯಲ್ಲಾದರೋ ಒಂದರ ಮುಂದೆ ಇನ್ನೊಂದು, ಪುನರಾವರ್ತನೆಯೂ ಅದರೊಳಗೇ ಹೆಣೆದಿರುತ್ತದೆ. ಹೊಸಬರಿಗೆ ಇದು ಉಪಕಾರವೇ. ಮುಂದೇನು ಮಾಡಲಿ ಎಂದು ಕೈಚೆಲ್ಲಿ ಕುಳಿತ ಹೊಸಬರನ್ನು ನಾನೂ ಬಹಳ ನೋಡಿದ್ದೇನೆ. ಆದರೆ ಯಾವುದನ್ನು ಇಂದು ಮತ್ತೆ ಓದಬೇಕು ಎಂದು ತಾವೇ ನಿರ್ಧರಿಸುತ್ತಿದ್ದ ಹಳಬರಿಗೆ ಬಣ್ಣ, ಆಕಾರಗಳ ಜೊತೆಗೆ ಆ ನಿರ್ಧಾರವೂ ಕೈತಪ್ಪಿತು. ಕೂಗಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ಕೂಗಿದವರೆಲ್ಲ ಸೋಮಾರಿತನಕ್ಕೆ ಕೂಗಿದರು ಎಂಬುದನ್ನೂ ಒಪ್ಪಲಾರೆ.

ನಾನು ಕೆಲಸ ಮಾಡಿದ ಬೇರೊಂದು ಆ್ಯಪ್‌ನ ಬಳಕೆದಾರರೊಬ್ಬರ ಮಾತು ಹೇಳುತ್ತೇನೆ. ನಿವೃತ್ತರು, ಸೊಸೆಯ ಮನೆಮಾತು ಎಂಬ ಕಾರಣಕ್ಕೆ ಜರ್ಮನ್ ಕಲಿಯುತ್ತಿದ್ದರು. ಹೊಸ ವಿನ್ಯಾಸ ಬಂದು ಮೂರು ವಾರವಾಗಿತ್ತು. ಸಭೆಯ ಲೆಕ್ಕದಲ್ಲಿ ಅವರಿಗೆ ರೂಢಿಯಾಗಿರಬೇಕಿತ್ತು. ಆ್ಯಪ್ ತೆರೆದರು. ಹೆಬ್ಬೆರಳು ತಾನಾಗಿ ಪರದೆಯ ಕೆಳಗಿನ ಎಡಮೂಲೆಗೆ ಹೋಗಿ, ಖಾಲಿ ಜಾಗದ ಮೇಲೆ ಒಂದು ಕ್ಷಣ ನಿಂತು, ಹಿಂದೆ ಬಂತು. ಇದು ಕೈಯ ಅಭ್ಯಾಸ, ಹೋಗುತ್ತದೆ ಎಂದು ನಾನು ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಅವರು ಚೀಲದಿಂದ ಒಂದು ನೋಟ್‌ಬುಕ್ ತೆಗೆದರು.

ಅದರಲ್ಲಿ ಗೆರೆ ಎಳೆದು ಮಾಡಿದ ಪಟ್ಟಿ. "ಏಳನೆಯ ಸಾಲು, ಎಡಗಡೆಯದು: ಮಿಟ್, ಬೈ, ಫೊನ್, ತ್ಸು. ಇವುಗಳ ಮುಂದೆ ಯಾವಾಗಲೂ ಚತುರ್ಥಿ ವಿಭಕ್ತಿ. ಡೇರ್ ಹೋಗಿ ಡೇಮ್ ಆಗುತ್ತದೆ. ಮಂಗಳವಾರ ಮತ್ತೆ." ಪಕ್ಕದಲ್ಲಿ ಒಂದರ ಮುಂದೊಂದು ಸರಿ ಗುರುತು, ಎರಡು ಕಡೆ ತಪ್ಪು ಗುರುತು. ಹೀಗೆ ನಲವತ್ತಕ್ಕೂ ಹೆಚ್ಚು ಪುಟ. ಪ್ರತಿಯೊಂದು ಪಾಠದ ವಿಳಾಸವೂ ಪರದೆಯ ಮೇಲಿನ ಅದರ ಜಾಗವೇ ಆಗಿತ್ತು. ಹೊಸ ವಿನ್ಯಾಸದಲ್ಲಿ ಸಾಲುಗಳೇ ಇರಲಿಲ್ಲ, ಪಾಠಗಳಿಗೆ ಹೊಸ ಹೆಸರು ಬಂದಿತ್ತು.

"ಇಲ್ಲೇ ಇತ್ತಲ್ಲಮ್ಮ ನನ್ನ ಪಾಠ," ಎಂದರು. "ಹೊಸದು ಚೆನ್ನಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನದು ಎಲ್ಲಿಗೆ ಹೋಯಿತು ಎಂದು ಹೇಳಿದರೆ ಸಾಕು."

ಇವರು ಕಳುಹಿಸಿದ್ದ ದೂರನ್ನು ನಾನು ಮೊದಲೇ ಓದಿದ್ದೆ. ಅದರಲ್ಲಿದ್ದದ್ದು ಒಂದೇ ಸಾಲು: "ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಹಳೆಯದೇ ಇರಲಿ." ನಮ್ಮ ಪಟ್ಟಿಯಲ್ಲಿ ಅದನ್ನು "ಬಣ್ಣ" ಎಂಬ ಗುಂಪಿಗೆ ಸೇರಿಸಿದ್ದೆವು. ಜನ ಮೊದಲು ಕಣ್ಣಿಗೆ ಬಿದ್ದದ್ದನ್ನು ಹೇಳುತ್ತಾರೆ, ಅದು ಸಹಜ. ಅದಕ್ಕಾಗಿಯೇ ದೂರುಗಳನ್ನು ಎಣಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ. ಹತ್ತು ಜನರ ಪಕ್ಕದಲ್ಲಿ ಕುಳಿತು, ಬದಲಾವಣೆಗೆ ಮುಂಚೆ ಅವರು ಏನು ಮಾಡುತ್ತಿದ್ದರು, ಈಗ ಯಾವುದನ್ನು ಮಾಡಲಾಗುತ್ತಿಲ್ಲ ಎಂದು ಕೇಳುವುದರಲ್ಲಿ ಹೆಚ್ಚು.

ಸಭೆಯಲ್ಲಿ ಇದನ್ನು ಹೇಳಿದರೆ ಮುಂದಿನ ಉತ್ತರ ಸಿದ್ಧವಾಗಿರುತ್ತದೆ. "ಆದರೂ ದಿನವೂ ಬರುತ್ತಿದ್ದಾರಲ್ಲ?" ಬರುತ್ತಾರೆ. ಎಂಟುನೂರು ದಿನ ಬಿಡದೆ ಕಾಪಾಡಿಕೊಂಡ ಸ್ಟ್ರೀಕ್, ಅಂದರೆ ಸತತ ದಿನಗಳ ಎಣಿಕೆ, ಇದ್ದವರು ವಿನ್ಯಾಸ ಹಿಡಿಸದಿದ್ದರೂ ಬರುತ್ತಾರೆ. ಐದು ನಿಮಿಷದಲ್ಲಿ ತೀರಾ ಸುಲಭದ ಒಂದು ಪಾಠ ಮುಗಿಸಿ, ಎಣಿಕೆ ಉಳಿಸಿಕೊಂಡು ಹೋಗುತ್ತಾರೆ. ಬಂದವರ ಸಂಖ್ಯೆ ಅಲುಗಾಡುವುದಿಲ್ಲ. ಬಂದು ಏನು ಓದಿದರು, ಹಳೆಯ ಪಾಠಕ್ಕೆ ಮರಳಿದರೇ, ತಪ್ಪಾದದ್ದನ್ನು ಮತ್ತೆ ಮಾಡಿದರೇ ಎಂಬುದನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಆ ಸಂಖ್ಯೆ ವಿನ್ಯಾಸದ ಪರ ಸಾಕ್ಷಿ ನುಡಿಯಲಾರದು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಾನು ಅತಿ ಹೆಚ್ಚು ಜಗಳವಾಡಿರುವುದು ಈ ಒಂದು ವಾಕ್ಯಕ್ಕಾಗಿ.

ಹಾಗೆಂದು ಏನನ್ನೂ ಬದಲಿಸಬೇಡಿ ಎಂಬ ಸಲಹೆ ನನ್ನದಲ್ಲ. ದೂರು ಬರೆಯುವವರಲ್ಲಿ ಹಳಬರೇ ಹೆಚ್ಚು. ಮೊದಲ ದಿನವೇ ಗೊಂದಲಗೊಂಡು ಬಿಟ್ಟುಹೋದ ಹೊಸಬರು ಯಾರಿಗೂ ಏನನ್ನೂ ಬರೆಯುವುದಿಲ್ಲ, ಅವರ ಪರವಾಗಿಯೂ ಯಾರಾದರೂ ಯೋಚಿಸಬೇಕು. ಎರಡು ವಿನ್ಯಾಸಗಳನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದು ಸಣ್ಣ ತಂಡಕ್ಕೆ ಭಾರವಾಗಬಹುದು. ಪ್ರತಿ ಆ್ಯಪ್‌ನ ಸ್ಥಿತಿ ಬೇರೆ. ನನ್ನ ಅನುಭವದಲ್ಲಿ ಸಾಮಾನ್ಯವಾಗಿ ಸಾಲುವುದು ಇಷ್ಟು: ಬದಲಾವಣೆಯ ಸುದ್ದಿ ಮುಂಚೆಯೇ ತಿಳಿಸುವುದು, ಯಾವ ಹಳೆಯ ಪಾಠ ಈಗ ಯಾವ ಹೆಸರಿನಲ್ಲಿ ಎಲ್ಲಿದೆ ಎಂದು ಹುಡುಕಲು ಒಂದು ಪುಟ ಕೊಡುವುದು, ಬೇಕಾದ ಪಾಠಕ್ಕೆ ಬೇಕಾದಾಗ ಮರಳುವ ಅವಕಾಶವನ್ನು ಮುಟ್ಟದೆ ಬಿಡುವುದು.

ಆ ಪುಟವನ್ನು ಮಾಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ಬಂದ ಮೇಲೆ ಜರ್ಮನ್ ಕಲಿಯುತ್ತಿದ್ದ ಆ ನಿವೃತ್ತರನ್ನು ಮತ್ತೆ ನೋಡಲು ಹೋದೆ. ನೋಟ್‌ಬುಕ್ಕಿನಲ್ಲಿ ಹಳೆಯ ಸಾಲು, ಎಡ, ಬಲಗಳನ್ನು ಒಂದೊಂದಾಗಿ ಕೆಂಪು ಪೆನ್ನಿನಿಂದ ಹೊಡೆದು ಹೊಸ ಹೆಸರು ಬರೆದಿದ್ದರು. ಇಪ್ಪತ್ತಾರನೆಯ ಪುಟದಲ್ಲಿ ಮಾತ್ರ ಕೆಂಪು ಗೆರೆ ಇರಲಿಲ್ಲ. ಸೊಸೆಯ ತಾಯಿಯೊಂದಿಗೆ ಫೋನಿನಲ್ಲಿ ಮಾತನಾಡುವಾಗ ಬಳಸಲು ಅವರು ಆರಿಸಿಕೊಂಡಿದ್ದ ಪಾಠ ಅದು. ಅದೊಂದು ಸಿಗಲಿಲ್ಲ, ನೀವು ಹುಡುಕಿಕೊಡುತ್ತೀರಾ ಎಂದು ಕೇಳಿದರು. ಹೊಸ ವಿನ್ಯಾಸಕ್ಕೆ ಹೊಂದುವುದಿಲ್ಲವೆಂದು ಆ ಪಾಠವನ್ನು ಕೈಬಿಟ್ಟಿದ್ದೆವು. ನಾನು ಅವರ ನೋಟ್‌ಬುಕ್ ತೆಗೆದುಕೊಂಡು ಆ ಪುಟದ ವಾಕ್ಯಗಳನ್ನು ಒಂದೊಂದಾಗಿ ನನ್ನ ವರದಿಗೆ ನಕಲು ಮಾಡಿಕೊಂಡೆ.