‘ನೆ’ ಅಂದರೆ ಹೌದಾ, ಇಲ್ಲವಾ?

ಓದುಗರ ಪ್ರಶ್ನೆ: ಗ್ರೀಸ್‌ನಲ್ಲಿ ‘ನೆ’ ಅಂದರೆ ಹೌದು ಅಂತೆ. ಪಕ್ಕದ ಬಲ್ಗೇರಿಯಾದಲ್ಲಿ ಅದೇ ‘ನೆ’ಗೆ ಇಲ್ಲ ಅಂತ ಅರ್ಥವಂತೆ. ನಿಜವೇ? ಒಂದೇ ಪದ ಇಷ್ಟು ಉಲ್ಟಾ ಆಗಿದ್ದು ಹೇಗೆ?

ನಿಜ. ಅದಕ್ಕೆ ನಾನು ಇನ್ನೊಂದು ಸೇರಿಸುತ್ತೇನೆ. ಗ್ರೀಸ್, ಬಲ್ಗೇರಿಯಾ, ಟರ್ಕಿ, ಈ ಮೂರೂ ದೇಶಗಳ ಗಡಿ ಎದಿರ್ನೆ ಅನ್ನುವ ಊರಿನ ಹತ್ತಿರ ಕೂಡುತ್ತದೆ. ಅಲ್ಲಿ ಹರಿಯುವ ಹೊಳೆಗೇ ಮೂರು ಹೆಸರು. ಬಲ್ಗೇರಿಯಾದವರಿಗೆ ಅದು ಮರಿತ್ಸಾ, ಗ್ರೀಕರಿಗೆ ಎವ್ರೊಸ್, ಟರ್ಕಿಯವರಿಗೆ ಮೆರಿಚ್. ‘ನೆ’ ಕೂಡ ಹಾಗೇ. ಬಲ್ಗೇರಿಯಾದವರು ‘ನೆ’ ಅಂದರೆ ಇಲ್ಲ. ಗ್ರೀಕರು ಅಂದರೆ ಹೌದು. ಟರ್ಕಿಯವರು ಅಂದರೆ ‘ಏನು?’

ಆದರೆ ಪ್ರಶ್ನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಇದು ಒಂದೇ ಪದ ಉಲ್ಟಾ ಆಗಿದ್ದಲ್ಲ. ಬೇರೆ ಬೇರೆ ಮನೆಯ ಪದಗಳು ಒಂದೇ ಸದ್ದಿಗೆ ಬಂದು ನಿಂತಿದ್ದು. ನಮ್ಮ ‘ಅರಿ’ಯನ್ನೇ ನೋಡಿ. ಕನ್ನಡದ ಅರಿ ಅಂದರೆ ತಿಳಿ. ಸಂಸ್ಕೃತದ ಅರಿ ಅಂದರೆ ಶತ್ರು. ಇವೆರಡೂ ಒಂದೇ ಪದ, ನಡುವೆ ಅರ್ಥ ಕೆಟ್ಟಿತು ಅಂತ ನಾವು ಯಾರೂ ಅನ್ನುವುದಿಲ್ಲ ಅಲ್ವಾ?

ಬಲ್ಗೇರಿಯಾದ ‘ನೆ’ ನಮಗೆ ದೂರದ್ದೇನಲ್ಲ. ಸರ್ಬಿಯಾ, ಚೆಕ್, ಲಿಥುವೇನಿಯಾ ಕಡೆಯೂ ಇಲ್ಲ ಅನ್ನಲು ಇದೇ ‘ನೆ’. ಸಂಸ್ಕೃತದ ‘ನ’ ಇದರ ಒಡಹುಟ್ಟು. ನ ಅಸ್ತಿ ಸೇರಿ ನಾಸ್ತಿ ಆಯಿತಲ್ಲ, ಅದೇ ‘ನ’. ಇಂಗ್ಲಿಷಿನ ‘ನೋ’, ಜರ್ಮನ್ನಿನ ‘ನೈನ್’ ಒಳಗೆ ಕೂತಿರುವುದೂ ಅದೇ. ನಮ್ಮ ಇಲ್ಲ, ಅಲ್ಲ ಮಾತ್ರ ದ್ರಾವಿಡ ಮನೆಯವು, ಅವುಗಳ ಬಳಗವೇ ಬೇರೆ.

ಗ್ರೀಕಿನದು ಇನ್ನೂ ಸ್ವಾರಸ್ಯದ ಕಥೆ. ಅದನ್ನು ಬರೆಯುವುದು ‘ನೆ’ ಅಂತ ಅಲ್ಲ, ‘ನೈ’ ಅಂತ. ಪ್ಲೇಟೋನ ಕಾಲದ ಅಥೆನ್ಸ್‌ನಲ್ಲಿ ಜನ ಹಾಗೇ ಅನ್ನುತ್ತಿದ್ದರು. ನಮ್ಮ ದಖನಿ ಮಾತಾಡುವವರು ಯಾರಾದರೂ ಆಗ ಅಲ್ಲಿದ್ದಿದ್ದರೆ ‘ನೈ’ ಕೇಳಿ ಇಲ್ಲ ಅಂತಲೇ ತಿಳಿಯುತ್ತಿದ್ದರು! ಮುಂದೆ ರೋಮನ್ನರ ಕಾಲದ ಹೊತ್ತಿಗೆ ಗ್ರೀಕರ ಬಾಯಲ್ಲಿ ‘ಐ’ ಸವೆದು ‘ಎ’ ಆಯಿತು. ಬರೆಯುವ ರೀತಿ ಹಾಗೇ ಉಳಿಯಿತು, ಸದ್ದು ಮಾತ್ರ ‘ನೆ’ ಆಯಿತು. ಈ ಒಂದು ಸವೆತ ಆಗದೇ ಇದ್ದಿದ್ದರೆ ನಿಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಗ್ರೀಕರಿಗೆ ಇದರಿಂದ ಗೊಂದಲ ಆಗಲಿಲ್ಲವೇ? ಇಲ್ಲ. ಯಾಕೆಂದರೆ ಇಲ್ಲ ಅನ್ನಲು ಅವರಲ್ಲಿ ಬೇರೆಯೇ ಪದ ಇತ್ತು, ಇಂದಿನ ‘ಓಹಿ’. ಆ ಪದದ ಮೇಲೆ ಅವರಿಗೆ ತುಂಬಾ ಅಭಿಮಾನ. 1940ರ ಅಕ್ಟೋಬರ್ 28ರಂದು ಮುಸೊಲಿನಿ ತನ್ನ ಸೈನ್ಯಕ್ಕೆ ದಾರಿ ಬಿಡಿ ಅಂದಾಗ ಗ್ರೀಸ್ ಆಗಲ್ಲ ಅಂದಿತು. ಇಂದಿಗೂ ಆ ದಿನ ಅಲ್ಲಿ ರಾಷ್ಟ್ರೀಯ ರಜೆ, ಹೆಸರೇ ‘ಓಹಿ’ ದಿನ. ಸಾಲದ ಷರತ್ತುಗಳ ಬಗ್ಗೆ 2015ರ ಜುಲೈ 5ರಂದು ಜನಮತ ಕೇಳಿದಾಗಲೂ ಮತಚೀಟಿಯಲ್ಲಿ ಇದ್ದದ್ದು ಇದೇ ಎರಡು ಪದ. ಶೇಕಡಾ 61ರಷ್ಟು ಮತ ‘ಓಹಿ’ಗೆ ಬಿತ್ತು.

ತಲೆ ನೋಡಿ ಅರ್ಥ ಮಾಡಿಕೊಳ್ಳೋಣ ಅಂದರೆ ಅದೂ ಸುಲಭವಲ್ಲ. ಬಲ್ಗೇರಿಯಾದವರು ಹೌದು ಅನ್ನುವಾಗ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ನಮ್ಮವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಗ್ರೀಕರು ಇಲ್ಲ ಅನ್ನಲು ಹುಬ್ಬು ಏರಿಸಿ ತಲೆಯನ್ನು ಹಿಂದಕ್ಕೆ ಎತ್ತುತ್ತಾರೆ, ಜೊತೆಗೆ ಒಮ್ಮೆ ಲೊಚಗುಟ್ಟುವುದೂ ಉಂಟು.

ಉಳಿದ ಕಡೆ ಬೇಗ ಸುತ್ತಿ ಬರೋಣ. ಹಂಗೇರಿಯಲ್ಲಿ ‘ನೆ’ ಅಂದರೆ ‘ಬೇಡ, ಮಾಡಬೇಡ’. ಆ ಭಾಷೆಯ ಕುಟುಂಬವೇ ಬೇರೆ. ಅದೇ ದೊಡ್ಡ ಕುಟುಂಬದ ಫಿನ್ನಿಶ್‌ನಲ್ಲಿ ‘ನೆ’ ಅಂದರೆ ‘ಅವು’. ಇಟಲಿಯಲ್ಲಿ ‘ಅದರಲ್ಲಿ’. ಅಂಗಡಿಯಲ್ಲಿ ‘ಅದರಲ್ಲಿ ಎರಡು ಕೊಡಿ’ ಅನ್ನಲು ಅದು ಬೇಕೇ ಬೇಕು.

ಫ್ರೆಂಚಿನಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಅಲ್ಲಿ ಇಲ್ಲ ಅನ್ನುವ ಅರ್ಥಕ್ಕೆ ಕ್ರಿಯಾಪದಕ್ಕೆ ಮೊದಲು ‘ನ’, ಆಮೇಲೆ ‘ಪಾ’. ಈ ‘ಪಾ’ ಅಂದರೆ ಮೊದಲಿಗೆ ಹೆಜ್ಜೆ. ‘ಒಂದು ಹೆಜ್ಜೆಯೂ ನಡೆಯಲಾರೆ’ ಅಂತ ಒತ್ತಿ ಹೇಳಲು ಹಚ್ಚಿಕೊಂಡ ಪದ. ಬರಬರುತ್ತಾ ಅದು ಎಲ್ಲ ಕ್ರಿಯಾಪದಗಳ ಜೊತೆಗೂ ಬಂತು. ಈಗ ಆಡುಮಾತಿನಲ್ಲಿ ‘ನ’ ಜಾಸ್ತಿ ಕೇಳುವುದೇ ಇಲ್ಲ, ಬರೀ ‘ಪಾ’. ನಿಜವಾಗಿ ಇಲ್ಲ ಅನ್ನುತ್ತಿದ್ದ ಪದ ಬಿದ್ದುಹೋಗಿದೆ. ಹೆಜ್ಜೆ ಅನ್ನುವ ಪದವೇ ಇಲ್ಲ ಅಂತ ಆಗಿದೆ. ಅರ್ಥ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗೆ ನೋಡಿದರೆ, ನಮಗೆ ತೀರಾ ಹತ್ತಿರದ ‘ನೆ’ ಇರುವುದು ಪೋರ್ಚುಗೀಸ್ ಭಾಷೆಯಲ್ಲಿ. ಅಲ್ಲಿ ‘ಇಂದು ಸೆಕೆ, ನೆ?’ ಅಂತ ಮಾತಿನ ಕೊನೆಗೆ ಸೇರಿಸುತ್ತಾರೆ. ‘ಅಲ್ಲವೇ’ ಅನ್ನುವ ಅರ್ಥದ ‘ನಾಂವ್ ಎ’ ಎರಡು ಪದ, ದಿನಾ ಬಳಸಿ ಬಳಸಿ ಒಂದೇ ಉಸಿರಿನ ‘ನೆ’ ಆಗಿದೆ. ನಮ್ಮ ‘ಅಲ್ಲವಾ’ ಸವೆದು ‘ಅಲ್ವಾ’ ಆಯಿತಲ್ಲ, ಹಾಗೇ.