ಬೀಗ ಹಾಕಿದ ಮನೆ ಮತ್ತು ಒಳಗೋಡೆಯ ಚೀಟಿ: ಗೂಗಲ್‌ನಲ್ಲಿ ತಾಣ ಕಾಣುವ ಬಗ್ಗೆ ಟಿಪ್ಪಣಿ

ಗಂಗಾವತಿ, ಕಾರಟಗಿ ಸುತ್ತಿನ ನೆಲ್ಲು ಬೆಳೆಯುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಒಂದು ತಾಣವನ್ನು ನಾವು ನಾಲ್ಕೈದು ಜನ ನೋಡಿಕೊಳ್ಳುತ್ತೇವೆ. ಬೆಂಕಿ ರೋಗ, ಕಂದು ಜಿಗಿಹುಳು, ಎಡದಂಡೆ ಕಾಲುವೆ ನೀರಿನ ಸರದಿ, ನಾಟಿ ಯಂತ್ರದ ಬಾಡಿಗೆ ಎಲ್ಲದಕ್ಕೂ ಅನುಭವಿಗಳು ಕೂತು ಉತ್ತರ ಬರೆದಿದ್ದಾರೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಆ ಉತ್ತರಗಳು ಸಿಗುತ್ತಿರಲಿಲ್ಲ. ಸಿಗಬಾರದ ಪುಟಗಳೇ ಸಿಗುತ್ತಿದ್ದವು. ಇದನ್ನು ಸರಿಮಾಡುತ್ತಾ ಕಲಿತದ್ದು ತಲೆಯಲ್ಲಿ ಗಟ್ಟಿಯಾಗಿ ಕೂರಲಿ ಅಂತ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕಿದವರಿಗೂ ಉಪಯೋಗವಾಗಬಹುದು. ಸರ್ಚ್ ಕನ್ಸೋಲ್‌ಗೆ ತಾಣ ಸೇರಿಸುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ನಮ್ಮ ತಾಣ ಗೂಗಲ್‌ನಲ್ಲಿ ಹೇಗೆ ಕಾಣುತ್ತಿದೆ ಅಂತ ತಾಣ ನೋಡಿಕೊಳ್ಳುವವರಿಗೆ ತೋರಿಸುವ ಗೂಗಲ್‌ನದೇ ಸಾಧನ ಅದು.

ಮೊದಲು ಮೂರು ಕೆಲಸ

ಗೂಗಲ್ ಮಾಡುವುದು ಮೂರು ಕೆಲಸ. ಮೊದಲನೆಯದು ಕ್ರಾಲಿಂಗ್: ಗೂಗಲ್‌ಬಾಟ್ ಎಂಬ ಪ್ರೋಗ್ರಾಂ ಲಿಂಕ್ ಹಿಡಿದು ಪುಟದಿಂದ ಪುಟಕ್ಕೆ ಬಂದು ಓದುತ್ತದೆ. ಎರಡನೆಯದು ಇಂಡೆಕ್ಸಿಂಗ್: ಓದಿದ್ದನ್ನು ತನ್ನ ದಫ್ತರದಲ್ಲಿ ಬರೆದುಕೊಳ್ಳುತ್ತದೆ. ಮೂರನೆಯದು, ಯಾರಾದರೂ ಹುಡುಕಿದಾಗ ಆ ದಫ್ತರ ತೆಗೆದು ತೋರಿಸುವುದು. ಓದುವುದು ಬೇರೆ, ಬರೆದುಕೊಳ್ಳುವುದು ಬೇರೆ. ಈ ಒಂದು ಮಾತು ನೆನಪಿಡಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ನಾನು ಎಡವಿದ ಜಾಗ

ಒಂದು ದಿನ ಕಾರಟಗಿ ಕಡೆಯ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. "ತಮ್ಮಾ, ನನ್ನ ನಂಬರ್ ಗೂಗಲ್‌ನಾಗ ಕಾಣಾಕತ್ತೈತಲ್ಲ. ಯಾರ್ಯಾರೋ ಫೋನ್ ಮಾಡಾಕತ್ತಾರ" ಅಂದರು. ನೋಡಿದರೆ ನಿಜ. ನಮ್ಮಲ್ಲಿ ಸದಸ್ಯರು ಮೊಬೈಲ್ ನಂಬರಿನಿಂದ ಸೇರುತ್ತಾರೆ. ಆ ನಂಬರೇ ಅವರ ಪರಿಚಯ ಪುಟದ ವಿಳಾಸದ ಕೊನೆಯಲ್ಲಿ ಕೂತಿತ್ತು. ನಮ್ಮನ್ನು ನಂಬಿ ಕೊಟ್ಟ ನಂಬರ್ ಅದು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಎರಡು ಕೆಲಸ ಮಾಡಿದೆ. ಪರಿಚಯ ಪುಟಗಳ ತಲೆಭಾಗದಲ್ಲಿ ನೋಇಂಡೆಕ್ಸ್ ಎಂಬ ಮೆಟಾ ಟ್ಯಾಗ್, ಅಂದರೆ ಓದುಗರಿಗೆ ಕಾಣದ ಒಂದು ಸೂಚನೆ, ಹಾಕಿದೆ. "ಈ ಪುಟವನ್ನು ದಫ್ತರದಲ್ಲಿ ಸೇರಿಸಬೇಡಿ" ಅಂತ ಅದರ ಅರ್ಥ. ಇನ್ನೂ ಭದ್ರ ಆಗಲಿ ಅಂತ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಕಡತದಲ್ಲಿ ಅದೇ ಪುಟಗಳಿಗೆ ಡಿಸ್‌ಅಲೌ (ಒಳಗೆ ಬರಬೇಡ) ಅಂತಲೂ ಬರೆದೆ. ಬಾಟ್‌ಗಳು ಎಲ್ಲಿ ಬರಬಹುದು, ಎಲ್ಲಿ ಬರಬಾರದು ಅಂತ ಹೇಳುವ ಕಡತ ಅದು. ಒಂದಕ್ಕೆ ಎರಡು ಬೀಗ ಒಳ್ಳೆಯದು, ಅಲ್ವಾ ಅನ್ನಿಸಿತ್ತು.

ಎರಡು ವಾರ ಕಳೆದರೂ ಪುಟಗಳು ಹಾಗೇ ಕಾಣುತ್ತಿದ್ದವು. ಒಳಗಿನ ಮಾಹಿತಿ ಹೋಗಿತ್ತು, ಆದರೆ ವಿಳಾಸ ಉಳಿದಿತ್ತು. ನಂಬರ್ ಇದ್ದದ್ದೇ ವಿಳಾಸದಲ್ಲಿ! ಸರ್ಚ್ ಕನ್ಸೋಲ್ ತೆರೆದರೆ "ಇಂಡೆಕ್ಸ್ಡ್, ದೋ ಬ್ಲಾಕ್ಡ್ ಬೈ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ" ಅಂತ ತೋರಿಸುತ್ತಿತ್ತು. ಅಂದರೆ ತಡೆದಿದ್ದೀರಿ, ಆದರೂ ದಫ್ತರದಲ್ಲಿದೆ ಅಂತ. ಇದು ಹೇಗೆ ಸಾಧ್ಯ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ.

ಕೊನೆಗೆ ಅರ್ಥವಾದದ್ದು ಜನಗಣತಿ ನೆನಪಾದಾಗ. ಜನಗಣತಿಗೆ ಬರುವ ಮಾಸ್ತರರನ್ನು ನೆನೆಸಿಕೊಳ್ಳಿ. ನಿಮ್ಮ ಮನೆಯ ಒಳಗೋಡೆಗೆ "ನಮ್ಮ ಹೆಸರು ಬರೆದುಕೊಳ್ಳಬೇಡಿ" ಅಂತ ಒಂದು ಚೀಟಿ ಅಂಟಿಸಿದ್ದೀರಿ. ಆಮೇಲೆ ಮುಂಬಾಗಿಲಿಗೆ ಬೀಗ ಹಾಕಿ ಹೋಗಿದ್ದೀರಿ. ಮಾಸ್ತರರು ಬಂದರು. ಬೀಗ ನೋಡಿದರು. ಅವರು ಮರ್ಯಾದಸ್ಥರು, ಒಳಗೆ ನುಗ್ಗಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರು. "ಹೌದ್ರಿ, ಅಲ್ಲಿ ಮಂದಿ ಅದಾರ" ಅಂದರು ಅವರು. ಮಾಸ್ತರರು ಮನೆ ನಂಬರ್ ಬರೆದುಕೊಂಡು ಮುಂದೆ ಹೋದರು. ಒಳಗೋಡೆಯ ಚೀಟಿಯನ್ನು ಅವರು ಓದಲೇ ಇಲ್ಲ.

ಇಲ್ಲಿ ಬೀಗ ಅಂದರೆ ರೋಬೋಟ್ಸ್ ಕಡತ, ಚೀಟಿ ಅಂದರೆ ನೋಇಂಡೆಕ್ಸ್. ಪಕ್ಕದ ಮನೆಯವರು ಅಂದರೆ ನಮ್ಮದೇ ಪ್ರಶ್ನೆ ಪುಟಗಳು. ಪ್ರತಿ ಉತ್ತರದ ಕೆಳಗೂ ಬರೆದವರ ಪರಿಚಯ ಪುಟಕ್ಕೆ ಒಂದು ಲಿಂಕ್ ಇತ್ತು. ಗೂಗಲ್‌ಗೆ ವಿಳಾಸ ಸಿಕ್ಕಿದ್ದು ಆ ಲಿಂಕಿನಿಂದ. ಒಳಗೆ ಬರಬೇಡ ಅಂದದ್ದಕ್ಕೆ ಅದು ಬರಲಿಲ್ಲ. ಬರದ ಕಾರಣ ಚೀಟಿ ಓದಲಿಲ್ಲ. ಓದದ ಕಾರಣ ವಿಳಾಸವನ್ನು ದಫ್ತರದಿಂದ ತೆಗೆಯಲಿಲ್ಲ. ನಾನು ಹಾಕಿದ ಎರಡನೇ ಬೀಗವೇ ಮೊದಲನೆಯದನ್ನು ಕೆಡಿಸಿತ್ತು.

ಇನ್ನೊಂದು ಸಲ, ಉಲ್ಟಾ ಕಡೆಯಿಂದ ಹೇಳುತ್ತೇನೆ. ಪುಟ ಗೂಗಲ್‌ನಿಂದ ಹೋಗಬೇಕು ಅಂದರೆ ಗೂಗಲ್‌ಬಾಟನ್ನು ಆ ಪುಟಕ್ಕೆ ಬರಲು ಬಿಡಬೇಕು. ಬಂದು, ಚೀಟಿ ಓದಿ, ಹೆಸರು ತೆಗೆಯಬೇಕು. ನೋಇಂಡೆಕ್ಸ್ ಮಾತ್ರ ಅಲ್ಲ, ಪುಟ ಇಲ್ಲಿಲ್ಲ ಎನ್ನುವ 404, ಬೇರೆ ವಿಳಾಸಕ್ಕೆ ಕಳಿಸುವ 301, ಒಂದೇ ಪುಟಕ್ಕೆ ಹಲವು ವಿಳಾಸ ಇದ್ದಾಗ ಮೂಲ ಯಾವುದು ಅಂತ ಹೇಳುವ ಕ್ಯಾನೊನಿಕಲ್ ಟ್ಯಾಗ್, ಇವೂ ಬಾಗಿಲು ತೆರೆದರೆ ಮಾತ್ರ ಕಾಣುವಂಥವು. ಬೀಗ ಹಾಕಿದ ಪುಟವನ್ನು ನೀವು ಅಳಿಸಿಬಿಟ್ಟರೂ ಅದು ಗೂಗಲ್‌ಬಾಟ್‌ಗೆ ಗೊತ್ತಾಗುವುದಿಲ್ಲ.

ಹಾಗಾದರೆ ರೋಬೋಟ್ಸ್ ಕಡತ ಯಾಕೆ? ಓದಿ ಪ್ರಯೋಜನವಿಲ್ಲದ ಕಡೆ ಬಾಟ್ ಸುಮ್ನೆ ಸುತ್ತದಂತೆ ತಡೆಯುವುದಕ್ಕೆ. ನಮ್ಮ ತಾಣದೊಳಗಿನ ಹುಡುಕು ಪೆಟ್ಟಿಗೆ ಪ್ರತಿ ಪದಕ್ಕೂ ಒಂದು ಹೊಸ ಪುಟ ಹುಟ್ಟಿಸುತ್ತದೆ. ಅಂಥದ್ದಕ್ಕೆ ಅದು ಸರಿ. ಇದು 1994ರಲ್ಲಿ ಮಾರ್ಟಿನ್ ಕೋಸ್ಟರ್ ಮುಂದಿಟ್ಟ ಒಪ್ಪಂದ. 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಮಾನದಂಡವಾಗಿ ಬಂತು. ಒಳ್ಳೆಯ ಬಾಟ್‌ಗಳು ಪಾಲಿಸುತ್ತವೆ, ಕೆಟ್ಟವು ಪಾಲಿಸುವುದಿಲ್ಲ. ಮೇಲಾಗಿ ಆ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಗುಟ್ಟಿನ ಫೋಲ್ಡರ್ ಹೆಸರು ಬರೆದರೆ ಎಲ್ಲರಿಗೂ ದಾರಿ ತೋರಿಸಿದ ಹಾಗೆ. ನಿಜವಾಗಿ ಮುಚ್ಚಿಡಬೇಕಾದದ್ದಕ್ಕೆ ಲಾಗಿನ್ ಹಾಕಿ.

ಹಳೆಯ ಟಿಪ್ಪಣಿಗಳಲ್ಲಿ ನೋಇಂಡೆಕ್ಸ್ ಸಾಲನ್ನು ರೋಬೋಟ್ಸ್ ಕಡತದೊಳಗೇ ಬರೆಯಿರಿ ಅಂತ ಇರುತ್ತದೆ. ಗೂಗಲ್ ಅದನ್ನು 2019ರ ಸೆಪ್ಟೆಂಬರ್ 1ರಿಂದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಪಿಡಿಎಫ್‌ಗೆ ಮೆಟಾ ಟ್ಯಾಗ್ ಹಾಕಲು ಆಗುವುದಿಲ್ಲ. ಅದಕ್ಕೆ ಕಡತದ ಜೊತೆ ಸರ್ವರ್ ಕಳಿಸುವ, ಕಣ್ಣಿಗೆ ಕಾಣದ ಹೆಡರ್‌ನಲ್ಲಿ ಎಕ್ಸ್-ರೋಬೋಟ್ಸ್-ಟ್ಯಾಗ್ ಅಂತ ಸೇರಿಸಬೇಕು.

ನಾವು ಕೊನೆಗೆ ಮಾಡಿದ್ದು ಇಷ್ಟು. ಪರಿಚಯ ಪುಟದ ವಿಳಾಸದಿಂದ ಮೊಬೈಲ್ ನಂಬರ್ ತೆಗೆದು ಬೇರೆ ಕ್ರಮಸಂಖ್ಯೆ ಕೊಟ್ಟೆವು. ಹಳೆಯ ವಿಳಾಸಗಳು 404 ಕೊಡುವಂತೆ ಮಾಡಿದೆವು. ಅವನ್ನು ಹೊಸದಕ್ಕೆ ಕಳಿಸಲಿಲ್ಲ, ಕಳಿಸಿದ್ದರೆ ಹಳೆ ನಂಬರಿಗೂ ಹೊಸ ಪುಟಕ್ಕೂ ನಂಟು ಉಳಿಯುತ್ತಿತ್ತು. ಹೊಸ ಪರಿಚಯ ಪುಟಗಳಿಗೆ ನೋಇಂಡೆಕ್ಸ್ ಹಾಕಿದೆವು. ಆಮೇಲೆ ರೋಬೋಟ್ಸ್ ಕಡತದಿಂದ ಆ ಡಿಸ್‌ಅಲೌ ಸಾಲು ಅಳಿಸಿದೆವು. ಗೂಗಲ್ ಆ ಕಡತದ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ, ಹಾಗಾಗಿ ಒಂದು ದಿನ ಕಾಯಿರಿ. ತುರ್ತಿಗೆ ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಬಳಸಬಹುದು. ಅದು ಸುಮಾರು 6 ತಿಂಗಳು ಮಾತ್ರ ಮರೆಮಾಡುತ್ತದೆ, ಮೂಲ ಕೆಲಸ ಮಾಡಲೇಬೇಕು.

ನನ್ನ ಇಷ್ಟದ ಅಡ್ಡದಾರಿ

ಗೂಗಲ್ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಬರೆಯಿರಿ. ನಿಮ್ಮ ತಾಣದ ಪುಟಗಳು ಮಾತ್ರ ಬರುತ್ತವೆ. ನಾನು ಬೆಳಿಗ್ಗೆ ಚಹಾ ಕುಡಿಯುತ್ತಾ ಒಮ್ಮೆ ಇದನ್ನು ನೋಡುತ್ತೇನೆ. ಮುಂದೆ ಒಂದು ಜಾಗ ಬಿಟ್ಟು "ಬೆಂಕಿ ರೋಗ" ಅಂತ ಸೇರಿಸಿದರೆ ಆ ವಿಷಯದಲ್ಲಿ ನಮ್ಮ ಯಾವ ಪುಟ ಗೂಗಲ್‌ಗೆ ಗೊತ್ತಿದೆ ಅಂತ ತಿಳಿಯುತ್ತದೆ. ಎಲ್ಲ ಪುಟಗಳೂ ಇಲ್ಲಿ ಬರುವುದಿಲ್ಲ, ಸಂಖ್ಯೆಯನ್ನು ನಂಬಬೇಡಿ. ಒಂದು ನಿರ್ದಿಷ್ಟ ಪುಟದ ನಿಜಸ್ಥಿತಿ ಬೇಕಾದರೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್ ನೋಡಿ.

ನೆಲ್ಲು, ಭತ್ತ ಮತ್ತು ತಲೆಬರಹ

ಒಳ್ಳೆಯ ಉತ್ತರ ಯಾಕೆ ಸಿಗುತ್ತಿರಲಿಲ್ಲ ಅನ್ನುವುದಕ್ಕೆ ಕಾರಣ ಸರಳ. ಪ್ರಶ್ನೆಯ ತಲೆಬರಹ "ಅಣ್ಣಾ ಅರ್ಜೆಂಟ್", "ಸಹಾಯ ಬೇಕು", "ಫೋಟೋ ನೋಡಿ ಹೇಳಿ" ಅಂತ ಇತ್ತು. ಆ ತಲೆಬರಹವೇ ಪುಟದ ಟೈಟಲ್ ಆಗುತ್ತದೆ. ಯಾರೂ ಗೂಗಲ್‌ನಲ್ಲಿ "ಅಣ್ಣಾ ಅರ್ಜೆಂಟ್" ಅಂತ ಹುಡುಕುವುದಿಲ್ಲ. ಈಗ ನಾವು ಕೇಳಿದವರ ಒಪ್ಪಿಗೆ ಪಡೆದು ಬದಲಿಸುತ್ತೇವೆ: "ಸೋನಾ ಮಸೂರಿ ಭತ್ತಕ್ಕೆ ಬೆಂಕಿ ರೋಗ: ಎಲೆ ಮೇಲೆ ಕಣ್ಣಿನ ಆಕಾರದ ಚುಕ್ಕೆ." ಪ್ರಶ್ನೆಯ ಒಳಗಿನ ಮಾತನ್ನು ಮುಟ್ಟುವುದಿಲ್ಲ. ಅಲ್ಲಿ "ನೆಲ್ಲು" ಅಂತಲೇ ಇರುತ್ತದೆ. ನಮ್ಮ ಕಡೆ ನೆಲ್ಲು ಅನ್ನುತ್ತೇವೆ, ಪುಸ್ತಕದಲ್ಲಿ ಭತ್ತ. ಎರಡೂ ಒಂದೇ ಅಂತ ಗೂಗಲ್ ತಾನಾಗಿ ತಿಳಿದುಕೊಳ್ಳುತ್ತದೆ ಅಂತ ಕೂರುವುದಕ್ಕಿಂತ ಪುಟದಲ್ಲಿ ಎರಡೂ ಪದ ಸಹಜವಾಗಿ ಬರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಜನ ಯಾವ ಪದ ಬರೆದು ಬಂದರು ಅಂತ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಬಂದವರು ನಮ್ಮಲ್ಲಿ ಜಾಸ್ತಿ. ಮೆಟಾ ಕೀವರ್ಡ್ಸ್ ಟ್ಯಾಗ್ ತುಂಬಿಸುತ್ತಾ ಕೂರಬೇಡಿ. ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಇನ್ನೊಂದು ಸಮಸ್ಯೆ ಕನ್ನಡದವರಿಗೇ ಬರುವಂಥದ್ದು. ಹಳೆಯ ಕೈಪಿಡಿಗಳನ್ನು ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ ಏರಿಸಿದ್ದೆವು. ಕಣ್ಣಿಗೆ ಚೆಂದದ ಕನ್ನಡ. ಅದರಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಬೆರಕೆ ಬಂತು. ಗೂಗಲ್‌ಗೂ ಆ ಕಲಬೆರಕೆಯೇ ಸಿಗುವುದು, ಕನ್ನಡವಲ್ಲ. ಪರಿವರ್ತಕ ಬಳಸಿ, ಎಲ್ಲ ಕಂಪ್ಯೂಟರ್, ಫೋನ್‌ಗಳೂ ಕನ್ನಡ ಅಂತ ಗುರುತಿಸುವ ಯೂನಿಕೋಡ್‌ಗೆ ತಂದು, ಒತ್ತಕ್ಷರ ತಪ್ಪಿದಲ್ಲಿ ಕೈಯಿಂದ ತಿದ್ದಿ, ಮಾಮೂಲಿ ಪುಟವಾಗಿ ಹಾಕಿದೆವು. ವಾಟ್ಸಾಪ್‌ನಲ್ಲಿ ಬಂದ ಪ್ರಕಟಣೆಯ ಫೋಟೋವನ್ನು ಹಾಗೇ ಹಾಕುವುದೂ ಇಂಥದ್ದೇ. ಕೆಳಗೆ ನಾಲ್ಕು ಸಾಲು ಟೈಪ್ ಮಾಡಿ.

ವಿಳಾಸದಲ್ಲಿ ಕನ್ನಡ ಪದ ಇಟ್ಟರೆ ತಪ್ಪೇನಿಲ್ಲ. ಆದರೆ ಹಂಚಿಕೊಳ್ಳುವಾಗ ಉದ್ದವಾಗುತ್ತದೆ. "ಭತ್ತ" ಎಂಬ ಪದ ಯೂನಿಕೋಡ್‌ನಲ್ಲಿ 4 ಸಂಕೇತ: ಭ, ತ, ಅರ್ಧಾಕ್ಷರದ ಚಿಹ್ನೆ, ಮತ್ತೆ ತ. ಒಂದೊಂದಕ್ಕೆ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಪರ್ಸೆಂಟ್ ಚಿಹ್ನೆ ಸೇರಿ 3 ಅಕ್ಷರ ಆಗುತ್ತದೆ. ಒಟ್ಟು 36. ಅದಕ್ಕೇ ವಿಳಾಸದಲ್ಲಿ ಎರಡು ಮೂರು ಪದ ಸಾಕು.

ಉಳಿದದ್ದು, ಬೇಗ ಬೇಗ

ಒಂದೇ ಪ್ರಶ್ನೆಯನ್ನು ಹೊಸದು ಮೊದಲು, ಹಳೆಯದು ಮೊದಲು ಅಂತ ತೋರಿಸುವ ಎರಡು ವಿಳಾಸ ಇದ್ದರೆ ಮೂಲ ಯಾವುದು ಅಂತ ಕ್ಯಾನೊನಿಕಲ್ ಟ್ಯಾಗ್‌ನಲ್ಲಿ ಹೇಳಿ. ಉತ್ತರಗಳು ಎರಡನೇ ಪುಟಕ್ಕೆ ಹರಿದಿದ್ದರೆ ಅದನ್ನು ಮೊದಲನೆಯದಕ್ಕೆ ಕ್ಯಾನೊನಿಕಲ್ ಮಾಡಬೇಡಿ, ಅಲ್ಲಿನ ಉತ್ತರ ಬೇರೆಯೇ.

ಸೈಟ್‌ಮ್ಯಾಪ್ ಅಂದರೆ ತಾಣದ ಪುಟಗಳ ವಿಳಾಸ ಪಟ್ಟಿ; ಒಂದರಲ್ಲಿ 50,000 ವಿಳಾಸದವರೆಗೆ ಹಾಕಬಹುದು. ನಮ್ಮಂಥವರಿಗೆ ಒಂದೇ ಸಾಕು. ನೋಇಂಡೆಕ್ಸ್ ಪುಟಗಳನ್ನು ಅದರಲ್ಲಿ ಸೇರಿಸಬೇಡಿ.

ಸದಸ್ಯರು ಹಾಕುವ ಲಿಂಕ್‌ಗೆ ಯುಜಿಸಿ (ಬಳಕೆದಾರರೇ ಹಾಕಿದ್ದು) ಎಂಬ ಗುರುತು ಬರುವಂತೆ ಮಾಡಿ. ಗೂಗಲ್ ಇದನ್ನು 2019ರಲ್ಲಿ ತಂದಿತು. ಗೊಬ್ಬರದ ಪ್ರಶ್ನೆ ಕೆಳಗೆ ಸಾಲದ ಆ್ಯಪ್ ಲಿಂಕ್ ಹಾಕುವವರು ಇದ್ದೇ ಇರುತ್ತಾರೆ. ಅಂಥದ್ದನ್ನು ಅಳಿಸಲೇಬೇಕು.

ಪುಟ ಬೇಗ ತೆರೆಯಬೇಕು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಎಲೆಯ ಫೋಟೋಗಳನ್ನು ಚಿಕ್ಕದು ಮಾಡಿದ್ದೇ ನಮಗೆ ಹೆಚ್ಚು ಉಪಯೋಗವಾಯಿತು. ಗದ್ದೆ ಬದುವಿನಲ್ಲಿ ನಿಂತು, ಇರುವ ಅಷ್ಟಿಷ್ಟು ಸಿಗ್ನಲ್‌ನಲ್ಲಿ ತೆರೆದು ನೋಡಿ.

ಸದ್ಯ ಎಲ್ಲಿದ್ದೇವೆ

ಇವತ್ತು ಬೆಳಿಗ್ಗೆ ಮತ್ತೆ ಸೈಟ್ ಹಾಕಿ ನೋಡಿದೆ. ಕಾರಟಗಿಯವರ ನಂಬರ್ ಇರುವ ವಿಳಾಸ ಹೋಗಿದೆ. ಫೋನ್ ಮಾಡಿ ಹೇಳಿದೆ. "ಛಲೋ ಆತು ತಮ್ಮಾ" ಅಂದರು. ಇನ್ನೂ ಎರಡು ಹಳೆ ವಿಳಾಸ ಉಳಿದಿವೆ. ಇನ್‌ಸ್ಪೆಕ್ಷನ್‌ನಲ್ಲಿ ನೋಡಿದರೆ ಅವುಗಳ ಕೊನೆಯ ಕ್ರಾಲ್ ದಿನಾಂಕ ಬೀಗ ತೆಗೆಯುವ ಮೊದಲಿನದು. ಮಾಸ್ತರರು ಆ ಎರಡು ಮನೆಗೆ ಇನ್ನೂ ಮರಳಿ ಬಂದಿಲ್ಲ.